ಮರಿಗೆ ಒಂದು ಸೂಜಿ ಹಾಕಿಸಿದರೆ ಮುಗಿಯಲಿಲ್ಲ: ನಾಯಿ-ಬೆಕ್ಕಿಗೆ ಯಾವ ಲಸಿಕೆ, ಯಾವಾಗ, ಹೇಗೆ

ಮರಿ ತಂದ ವಾರದಲ್ಲಿ ಎಲ್ಲರಿಗೂ ಹುರುಪು ಇರುತ್ತದೆ. ದವಾಖಾನೆಗೆ ಒಯ್ಯುತ್ತಾರೆ, ಸೂಜಿ ಹಾಕಿಸುತ್ತಾರೆ, ಕಾರ್ಡ್ ಹಿಡಿದು ಫೋಟೊ ತೆಗೆಯುತ್ತಾರೆ. ಎರಡನೇ ಸೂಜಿಯ ಹೊತ್ತಿಗೆ ಮದುವೆ, ಹಬ್ಬ, ಮಳೆ ಅಂತ ಏನೋ ಒಂದು ಅಡ್ಡ ಬರುತ್ತದೆ. ಮೂರನೆಯದು ಮರೆತೇ ಹೋಗುತ್ತದೆ. ಮರುವರ್ಷದ್ದಂತೂ ಕೇಳಲೇಬೇಡಿ. ವಿಚಾರಿಸಿದರೆ ಮಾತ್ರ "ನಮ್ಮ ನಾಯಿಗೆ ಎಲ್ಲಾ ಹಾಕ್ಸೇವ್ರಿ" ಅನ್ನುತ್ತಾರೆ.

ಹುಬ್ಬಳ್ಳಿ-ಧಾರವಾಡದಲ್ಲಿ ನಡೆಯುವ ಲಸಿಕೆ ಶಿಬಿರಗಳಲ್ಲಿ ನಾಯಿ ಹಿಡಿದುಕೊಳ್ಳುವುದು, ಕಾರ್ಡ್ ಬರೆಯುವುದು ನನ್ನ ಕೆಲಸ. ಬರುವ ಕಾರ್ಡ್‌ಗಳನ್ನು ತಿರುವಿ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ: ಲಸಿಕೆಯೇ ಬೇಡ ಅನ್ನುವವರು ಕಡಿಮೆ, ಶುರು ಮಾಡಿ ನಡುವೆ ಬಿಟ್ಟವರು ಜಾಸ್ತಿ. ಹಾಗೆ ಬಿಟ್ಟರೆ ಹಾಕಿಸಿದ್ದೂ ಹಾಕಿಸದ ಹಾಗೆಯೇ ಆಗಬಹುದು. ಹೀಗಾಗಿ ಯಾವ ಸೂಜಿ, ಯಾವ ವಯಸ್ಸಿಗೆ, ಹೋಗುವ ಮುಂಚೆ ಏನು ಮಾಡಬೇಕು, ಬಂದ ಮೇಲೆ ಏನು ನೋಡಬೇಕು ಅಂತ ಪೂರ್ತಿ ಬರೆಯುತ್ತಿದ್ದೇನೆ. ನಿಮ್ಮ ನಾಯಿಯನ್ನು ಮುಟ್ಟಿ ನೋಡಿದ ಡಾಕ್ಟರ್ ಬೇರೆ ಹೇಳಿದರೆ ಅವರ ಮಾತೇ ಕೇಳಿ.

ಒಂದೇ ಸೂಜಿ ಯಾಕೆ ಸಾಲದು

ಹುಟ್ಟಿದ ಮರಿ ಮೊದಲ ದಿನ ಕುಡಿಯುವ ಗಿಣ್ಣು ಹಾಲಿನಲ್ಲಿ ತಾಯಿಯ ರೋಗ ತಡೆಯುವ ಶಕ್ತಿ ಇರುತ್ತದೆ. ಕೆಲವು ವಾರ ಅದೇ ಮರಿಯನ್ನು ಕಾಯುತ್ತದೆ. ಆದರೆ ಆ ಶಕ್ತಿ ಮೈಯಲ್ಲಿ ಇರುವಷ್ಟು ದಿನ, ನಾವು ಹಾಕಿಸಿದ ಲಸಿಕೆಯನ್ನೂ ಅದು ಕೆಲಸ ಮಾಡಲು ಬಿಡುವುದಿಲ್ಲ. ಒಂದು ಮರಿಗೆ ಅದು 8 ವಾರಕ್ಕೇ ಕಳೆದುಹೋಗಬಹುದು, ಅದೇ ತಾಯಿಯ ಇನ್ನೊಂದು ಮರಿಗೆ 14 ವಾರದವರೆಗೂ ಉಳಿಯಬಹುದು. ಮೇಲಿಂದ ನೋಡಿ ಹೇಳೋಕೆ ಬರುವುದಿಲ್ಲ. ಅದಕ್ಕೇ 6ರಿಂದ 8 ವಾರದ ನಡುವೆ ಶುರು ಮಾಡಿ, 3-4 ವಾರಕ್ಕೊಮ್ಮೆ ಹಾಕಿಸುತ್ತಾ ಹೋಗಿ, 16 ವಾರ ತುಂಬಿದ ಮೇಲೆ ಕೊನೆಯದೊಂದು ಬೀಳುವ ಹಾಗೆ ನೋಡಿಕೊಳ್ಳಬೇಕು.

ಜನ ಬಿಟ್ಟುಬಿಡೋದು ಈ ಕೊನೆಯದನ್ನೇ. ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ನಂಬಿಕೆಗೆ ಬರುವ ಸೂಜಿ ಅದೇ. ಕೈಯಲ್ಲಿ ದುಡ್ಡಿಲ್ಲ, ಒಂದೇ ಸಲ ಆಗೋದು ಅನ್ನುವ ಪರಿಸ್ಥಿತಿ ಇದ್ದರೆ ಆ ಒಂದನ್ನು 16 ವಾರ ದಾಟಿದ ಮೇಲೆ ಹಾಕಿಸುವುದು ಮೇಲು. ಅಲ್ಲಿಯವರೆಗೆ ಮರಿಯನ್ನು ತುಂಬಾ ಜೋಪಾನ ಮಾಡಬೇಕಾಗುತ್ತದೆ.

ಲೆಕ್ಕ ಸುಲಭ ಆಗಲಿ ಅಂತ ಒಂದು ಉದಾಹರಣೆ. ಮರಿ ಜೂನ್ 1ಕ್ಕೆ ಹುಟ್ಟಿದೆ ಅಂದುಕೊಳ್ಳಿ. ಮೊದಲ ಸೂಜಿ ಜುಲೈ 20ರ ಸುಮಾರಿಗೆ, ಆಗ 7 ವಾರ. ಎರಡನೆಯದು ಆಗಸ್ಟ್ 14ರ ಹೊತ್ತಿಗೆ. ಮೂರನೆಯದು ಸೆಪ್ಟೆಂಬರ್ 7ಕ್ಕೆ, ಆಗ 14 ವಾರ; 12 ವಾರ ದಾಟಿರುವುದರಿಂದ ಅವತ್ತೇ ಮೊದಲ ರೇಬಿಸ್ ಸೂಜಿಯನ್ನೂ ಹಾಕಬಹುದು. ಕೊನೆಯದು ಸೆಪ್ಟೆಂಬರ್ 28ಕ್ಕೆ, 17 ವಾರ. ನಮ್ಮಂಥ ಹುಚ್ಚುನಾಯಿ ಕಾಟ ಇರುವ ಕಡೆ ರೇಬಿಸ್‌ನ ಎರಡನೇ ಸೂಜಿಯನ್ನು ಮೊದಲನೆಯದಾದ 2ರಿಂದ 4 ವಾರದೊಳಗೆ ಹಾಕಿಸುವುದು ಒಳ್ಳೆಯದು, ಅದೂ ಇದೇ ದಿನಕ್ಕೆ ಸರಿಹೋಗುತ್ತದೆ. ಸೆಪ್ಟೆಂಬರ್ 28 ಅಂದರೆ ವಿಶ್ವ ರೇಬಿಸ್ ದಿನ, ರೇಬಿಸ್ ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್ 1895ರಲ್ಲಿ ತೀರಿಕೊಂಡ ದಿನ. ಆ ವಾರದಲ್ಲಿ ಪಶುಪಾಲನಾ ಇಲಾಖೆಯವರು ಎಷ್ಟೋ ಊರುಗಳಲ್ಲಿ ಉಚಿತ ಲಸಿಕೆ ಹಾಕುತ್ತಾರೆ, ಹತ್ತಿರದ ಪಶು ಆಸ್ಪತ್ರೆಯಲ್ಲಿ ಮುಂಚೆಯೇ ಕೇಳಿಟ್ಟುಕೊಳ್ಳಿ. ಇದೆಲ್ಲ ಆದ ಒಂದು ವರ್ಷಕ್ಕೆ ಬೂಸ್ಟರ್, ಅಂದರೆ ರಕ್ಷಣೆ ಕಳೆಯದಂತೆ ಮತ್ತೆ ಹಾಕಿಸುವ ಸೂಜಿ.

ಮರಿ ಮಾರುವವರು "ಒಂದು ಸೂಜಿ ಆಗೇತ್ರಿ" ಅಂತ ಹೇಳಿ ಕೊಡುವುದುಂಟು. ಕಾರ್ಡ್ ಕೇಳಿ. ದಿನಾಂಕ ನೋಡಿ. 30-35 ದಿನದ ಮರಿಗೆ ಹಾಕಿದ್ದಾದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಡಾಕ್ಟರ್ ಕೂಡ ಹಿಡಿಯುವುದಿಲ್ಲ. ಅಷ್ಟು ಎಳೆಯ ಮರಿಯನ್ನು ತಾಯಿಯಿಂದ ಬಿಡಿಸಿ ತರುವುದೂ ತಪ್ಪೇ. 8 ವಾರ ತಾಯಿ ಹತ್ತಿರ ಇರಲಿ.

ಸೂಜಿಯಲ್ಲಿ ಏನೇನಿರುತ್ತದೆ

ಅಂಗಡಿಯಲ್ಲಿ, ದವಾಖಾನೆಯಲ್ಲಿ "ಸೆವೆನ್ ಇನ್ ಒನ್", "ನೈನ್ ಇನ್ ಒನ್" ಅಂತೆಲ್ಲ ಕೇಳಿರುತ್ತೀರಿ. ನಂಬರ್ ದೊಡ್ಡದಾದಷ್ಟೂ ಒಳ್ಳೆಯದು ಅಂತ ಏನಿಲ್ಲ. ಪಾರ್ವೊ, ಡಿಸ್ಟೆಂಪರ್, ಯಕೃತ್ತಿಗೆ ಬಡಿಯುವ ಹೆಪಟೈಟಿಸ್, ಈ ಮೂರು ಇರಲೇಬೇಕು. ಜೊತೆಗೆ ಕೆಮ್ಮಿನ ಪ್ಯಾರಾಇನ್‌ಫ್ಲುಯೆಂಜಾ ಮತ್ತು ಇಲಿಜ್ವರದ ಲೆಪ್ಟೊಸ್ಪೈರಾ ಇರುತ್ತವೆ. ಹೆಚ್ಚಾಗಿ ಲೆಪ್ಟೊದಲ್ಲಿ ಎಷ್ಟು ಬಗೆ ಸೇರಿಸಿದ್ದಾರೆ ಅನ್ನುವುದರ ಮೇಲೆ ನಂಬರ್ ಏರುತ್ತದೆ. ರೇಬಿಸ್ ಸಾಮಾನ್ಯವಾಗಿ ಬೇರೆ ಸೂಜಿ. "ನೈನ್ ಇನ್ ಒನ್ ಹಾಕಿಸೇವಿ, ಅದರಾಗ ರೇಬಿಸ್ ಬಂತಲ್ರಿ" ಅಂತ ಎಷ್ಟೋ ಮಂದಿ ತಿಳಿದಿರುತ್ತಾರೆ. ಕಾರ್ಡ್‌ನಲ್ಲಿ ರೇಬಿಸ್‌ನ ಸ್ಟಿಕ್ಕರ್ ಬೇರೆ ಇದೆಯೇ ಅಂತ ನೋಡಿ.

ಪಾರ್ವೊ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಮರಿಗಳನ್ನು ತುಂಬಾ ಕೊಲ್ಲುವ ರೋಗ ಇದು. ನಮ್ಮ ಓಣಿಯಲ್ಲಿ ಒಬ್ಬರ ಮನೆಯ ಮರಿಗೆ ಬಂದಿತ್ತು. ಮೊದಲ ದಿನ ಊಟ ಬಿಟ್ಟು ಮೂಲೆ ಹಿಡಿಯಿತು. ಸಂಜೆಗೆ ಬಿಳಿ ನೊರೆಯಂಥ ವಾಂತಿ. ಮರುದಿನ ಬೆಳಿಗ್ಗೆ ನೀರಿನ ಹಾಗೆ ಭೇದಿ, ಅದರಲ್ಲಿ ರಕ್ತ, ಬಾಗಿಲು ತೆಗೆದರೆ ಸಾಕು ಮುಖಕ್ಕೆ ಹೊಡೆಯುವ ನಾತ. ಆ ನಾತವನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಬಿಸಿಲು ಜಾಸ್ತಿಯಾಗಿರಬೇಕು ಅಂತ ಅವರು ಮಜ್ಜಿಗೆ ಕುಡಿಸಿ ಒಂದು ದಿನ ಕಳೆದಿದ್ದರು. ಪಾರ್ವೊಕ್ಕೆ ನೇರ ಔಷಧ ಇಲ್ಲ. ಸಲೈನ್ ಹಚ್ಚಿ, ವಾಂತಿ ನಿಲ್ಲಿಸಿ, ಬೇರೆ ಸೋಂಕು ಸೇರದಂತೆ ತಡೆದು ಮರಿಯನ್ನು ಉಳಿಸಿಕೊಳ್ಳಬೇಕು, ಹೀಗಾಗಿ ಒಂದೊಂದು ತಾಸೂ ಲೆಕ್ಕಕ್ಕೆ ಬರುತ್ತದೆ. ಆ ಮರಿ ಉಳಿಯಲಿಲ್ಲ. ಅದಕ್ಕೆ ಒಂದೇ ಸೂಜಿ ಆಗಿತ್ತು.

ಆಮೇಲೆ ಇನ್ನೊಂದು ಮಾತು. ಈ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಅನುಕೂಲ ಇದ್ದರೆ ಒಂದು ವರ್ಷದವರೆಗೂ. ಫಿನೈಲ್ ಹಾಕಿ ಒರೆಸಿದರೆ ಸಾಯುವುದಿಲ್ಲ. ಮೊದಲು ಸೋಪಿನಿಂದ ನೆಲ ತೊಳೆದು, ಬಟ್ಟೆಗೆ ಹಾಕುವ ಬ್ಲೀಚ್ 1 ಪಾಲಿಗೆ 30 ಪಾಲು ನೀರು ಬೆರೆಸಿ ಸುರಿದು, ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಬ್ಲೀಚ್ ಜೊತೆ ಆ್ಯಸಿಡ್, ಫಿನೈಲ್ ಏನೂ ಬೆರೆಸಬೇಡಿ, ವಿಷದ ಹೊಗೆ ಏಳುತ್ತದೆ. ಮಣ್ಣಿನ ಅಂಗಳವನ್ನು ಹೀಗೆ ಪೂರ್ತಿ ಶುದ್ಧ ಮಾಡೋಕೆ ಆಗುವುದಿಲ್ಲ. ಪಾರ್ವೊದಿಂದ ಮರಿ ಸತ್ತ ಮನೆಗೆ ಕೂಡಲೇ ಇನ್ನೊಂದು ಎಳೆ ಮರಿ ತರಬೇಡಿ. ಸೂಜಿ ಪೂರ್ತಿ ಆದ ದೊಡ್ಡ ಮರಿಯನ್ನೇ ತನ್ನಿ.

ಡಿಸ್ಟೆಂಪರ್ ನಿಧಾನವಾಗಿ ಬರುತ್ತದೆ. ಕಣ್ಣಲ್ಲಿ ಪಿಸುರು, ಮೂಗಲ್ಲಿ ಗಟ್ಟಿ ಸಿಂಬಳ, ಕೆಮ್ಮು, ಅಂಗಾಲು ಒರಟಾಗುವುದು. ನೆಗಡಿ ಅಂತ ಸುಮ್ಮನಿದ್ದರೆ ವಾರಗಳ ನಂತರ ಮಿದುಳಿಗೆ ಹೋಗಿ ಕಾಲು, ದವಡೆ ಅದುರೋಕೆ ಶುರುವಾಗುತ್ತದೆ, ಫಿಟ್ಸ್ ಬರುತ್ತದೆ. ಬದುಕಿದರೂ ಆ ಅದುರುವಿಕೆ ಕೆಲವು ನಾಯಿಗಳಿಗೆ ಜೀವನಪೂರ್ತಿ ಉಳಿಯುತ್ತದೆ.

ಇಲಿಜ್ವರ ಮನುಷ್ಯರಿಗೂ ಅಂಟುವ ರೋಗ. ಇಲಿಯ ಉಚ್ಚೆ ಬಿದ್ದ ನೀರಿನಿಂದ ಬರುತ್ತದೆ. ಧಾರವಾಡದ ಮಳೆಗಾಲದಲ್ಲಿ ವಾರಗಟ್ಟಲೆ ನೆಲ ಒಣಗುವುದೇ ಇಲ್ಲ, ಗಟಾರದ ನೀರು ರಸ್ತೆ ಮೇಲೆ ನಿಂತಿರುತ್ತದೆ, ನಾಯಿ ಅದನ್ನೇ ನೆಕ್ಕುತ್ತದೆ. ಕಾಳಿನ ಗೋದಾಮು, ಎಪಿಎಂಸಿ, ಹಿಟ್ಟಿನ ಗಿರಣಿ ಹತ್ತಿರ ಮನೆ ಇದ್ದವರು ಇದನ್ನು ತಪ್ಪಿಸಲೇಬಾರದು. ಇದು ಮೊದಲ ಸಲ 3-4 ವಾರದ ಅಂತರದಲ್ಲಿ ಎರಡು, ಆಮೇಲೆ ಪ್ರತಿ ವರ್ಷ ಒಂದು. ಪಾರ್ವೊ, ಡಿಸ್ಟೆಂಪರ್ ಭಾಗ ಮೊದಲ ಬೂಸ್ಟರ್ ಆದ ಮೇಲೆ 3 ವರ್ಷಕ್ಕೊಮ್ಮೆ ಸಾಕು ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ನಮ್ಮಲ್ಲಿ ಎಲ್ಲ ಸೇರಿ ಒಂದೇ ಸೂಜಿಯಲ್ಲಿ ಬರುವುದರಿಂದ ಹೆಚ್ಚಿನ ಡಾಕ್ಟರ್‌ಗಳು ವರ್ಷಕ್ಕೊಮ್ಮೆ ಹಾಕುತ್ತಾರೆ. ಯಾಕೆ ಅಂತ ಕೇಳಿ ತಿಳಿದುಕೊಳ್ಳಿ, ಕೇಳೋದರಲ್ಲಿ ತಪ್ಪೇನಿಲ್ಲ.

ಉಣ್ಣಿಯಿಂದ ಬರುವ ಜ್ವರಕ್ಕೆ ನಮ್ಮಲ್ಲಿ ಲಸಿಕೆ ಇಲ್ಲ. ಎಲ್ಲ ಸೂಜಿ ಆಗಿದೆ ಅಂತ ಉಣ್ಣಿ ಕಡೆ ನಿರ್ಲಕ್ಷ್ಯ ಬೇಡ. ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ ವಾರಕ್ಕೊಮ್ಮೆ ನೋಡುತ್ತಿರಿ.

ಹೋಗುವ ಮುಂಚೆ

ಜಂತಿನ ಔಷಧ ಮೊದಲು. ಮರಿಗೆ 2 ವಾರದಿಂದಲೇ ಶುರು ಮಾಡಿ 15 ದಿನಕ್ಕೊಮ್ಮೆ, ಸುಮಾರು ಮೂರು ತಿಂಗಳವರೆಗೆ. ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ದೊಡ್ಡದಾದ ಮೇಲೆ 3 ತಿಂಗಳಿಗೊಮ್ಮೆ. ಎಷ್ಟು ಅಂತ ತೂಕ ನೋಡಿ ಡಾಕ್ಟರ್ ಹೇಳಬೇಕು. ಹೊಟ್ಟೆ ತುಂಬ ಹುಳ ಇರುವ ಮರಿ ಸೊರಗಿರುತ್ತದೆ. ಆರೋಗ್ಯವಾಗಿರುವ ಮೈಯಲ್ಲಿ ಲಸಿಕೆ ಚೆನ್ನಾಗಿ ಹಿಡಿಯುತ್ತದೆ.

ಜ್ವರ, ವಾಂತಿ, ಭೇದಿ ಇದ್ದರೆ ಅವತ್ತು ಸೂಜಿ ಬೇಡ, ಡಾಕ್ಟರಿಗೆ ಮಾತ್ರ ತೋರಿಸಿ. ಗಬ್ಬ ಇರುವ ಹೆಣ್ಣುನಾಯಿ ಆಗಿದ್ದರೆ ಬಾಗಿಲಲ್ಲೇ ಹೇಳಿಬಿಡಿ. ಹಿಂದೆ ಯಾವುದಾದರೂ ಸೂಜಿಗೆ ಮುಖ ಊದಿದ್ದರೆ ಅದನ್ನೂ ಹೇಳಿ. ಉಪವಾಸ ಇಡುವುದು ಬೇಕಿಲ್ಲ, ಸ್ವಲ್ಪ ತಿನ್ನಿಸಿಯೇ ಒಯ್ಯಿರಿ.

ಏಪ್ರಿಲ್-ಮೇ ಬಿಸಿಲಲ್ಲಿ ಮಧ್ಯಾಹ್ನ ಹೋಗಬೇಡಿ, ಮುಂಜಾನೆ ಹೋಗಿ. ಸ್ಕೂಟರ್ ಮೇಲೆ ಒಯ್ಯುವುದಾದರೆ ಹಿಂದೆ ಒಬ್ಬರು ಮರಿಯನ್ನು ಟವೆಲ್‌ನಲ್ಲಿ ಸುತ್ತಿ ಹಿಡಿದುಕೊಂಡು ಕೂಡಬೇಕು, ಪಟ್ಟಾ ಕೈಗೆ ಸುತ್ತಿರಬೇಕು. ಚೀಲದಲ್ಲಿ ಹಾಕಿ ಹ್ಯಾಂಡಲ್‌ಗೆ ಜೋತುಬಿಡುವುದನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ದವಾಖಾನೆಯಲ್ಲಿ ಸೂಜಿ ಪೂರ್ತಿ ಆಗದ ಮರಿಯನ್ನು ನೆಲಕ್ಕೆ ಬಿಡಬಾರದು. ಅಲ್ಲಿಗೆ ಕಾಯಿಲೆ ನಾಯಿಗಳೇ ಬರುವುದು, ಅಲ್ವಾ? ತೊಡೆ ಮೇಲೆ ಇಟ್ಟುಕೊಂಡು ಕಾಯಿರಿ. ದೊಡ್ಡ ನಾಯಿ ಆದರೆ ಬಾಯಿಗೆ ಮಝಲ್ ಹಾಕಿ ಒಯ್ಯಿರಿ, ನಮ್ಮದು ಕಚ್ಚುವುದಿಲ್ಲ ಅಂತ ನಿಮಗೆ ಗೊತ್ತಿದ್ದರೂ.

ದವಾಖಾನೆಯಲ್ಲಿ ಕಣ್ಣಿಟ್ಟು ನೋಡಬೇಕಾದ್ದು

ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಬಿಸಿಯಾದರೆ ಕೆಡುತ್ತದೆ, ಎಷ್ಟೋ ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುತ್ತವೆ. ಕೆಟ್ಟ ಲಸಿಕೆ ನೋಡೋಕೆ ಒಳ್ಳೆಯದರ ಹಾಗೆಯೇ ಇರುತ್ತದೆ, ಬಣ್ಣ ಬದಲಾಗಲೇಬೇಕು ಅಂತಿಲ್ಲ, ಹೀಗಾಗಿ ಎಲ್ಲಿಂದ ಬಂತು ಅನ್ನುವುದು ಮುಖ್ಯ. ಡಾಕ್ಟರ್ ತಮ್ಮ ಫ್ರಿಜ್‌ನಿಂದಲೇ ತೆಗೆದರೆ ಒಳ್ಳೆಯದು. ಔಷಧ ಅಂಗಡಿಯಿಂದ ನೀವೇ ತರಬೇಕಾದರೆ ಥರ್ಮಾಕೋಲ್ ಡಬ್ಬಿ ಅಥವಾ ಫ್ಲಾಸ್ಕ್‌ನಲ್ಲಿ ಐಸ್ ಇಟ್ಟು, ಬಾಟಲಿ ನೇರ ಐಸ್‌ಗೆ ತಾಗದ ಹಾಗೆ ಬಟ್ಟೆ ಸುತ್ತಿ ತನ್ನಿ. ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಗದಗದಿಂದ ಹಳ್ಳಿಗೆ ಬಸ್ಸಿನಲ್ಲಿ ಒಯ್ದರೆ ಹಾಕಿಸಿಯೂ ಉಪಯೋಗ ಇಲ್ಲ. ಕರೆಂಟ್ ಹೋದಾಗ ಫ್ರಿಜ್‌ಗೆ ಏನು ವ್ಯವಸ್ಥೆ ಇದೆ ಅಂತ ಅಂಗಡಿಯವರನ್ನು ಕೇಳಿ. ಕೇಳಿದರೆ ಒಳ್ಳೆಯ ಅಂಗಡಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಪಾರ್ವೊ-ಡಿಸ್ಟೆಂಪರ್ ಲಸಿಕೆ ಎರಡು ಪುಟ್ಟ ಬಾಟಲಿಗಳಲ್ಲಿ ಬರುತ್ತದೆ. ಒಂದರ ತಳದಲ್ಲಿ ಬತ್ತಾಸಿನ ಚೂರಿನ ಹಾಗೆ ಬಿಳಿ ಗಟ್ಟಿ ಇರುತ್ತದೆ, ಇನ್ನೊಂದರಲ್ಲಿ ನೀರಿನಂಥ ದ್ರವ. ಡಾಕ್ಟರ್ ದ್ರವವನ್ನು ಸಿರಿಂಜ್‌ನಲ್ಲಿ ಎಳೆದು ಮೊದಲ ಬಾಟಲಿಗೆ ಬಿಟ್ಟು, ಮೆಲ್ಲಗೆ ಆಡಿಸಿ ಕರಗಿಸಿ, ಕೂಡಲೇ ಹಾಕುತ್ತಾರೆ. ಇದು ನಿಮ್ಮ ಕಣ್ಣೆದುರೇ ನಡೆಯಬೇಕು. ಮುಂಚೆಯೇ ಬೆರೆಸಿ ಇಟ್ಟಿದ್ದು ಬೇಡ. ಒಂದು ಬಾಟಲಿಯನ್ನು ಎರಡು ಸಣ್ಣ ಮರಿಗಳಿಗೆ ಅರ್ಧರ್ಧ ಹಂಚುವುದೂ ಬೇಡ. ಪಗ್ ಮರಿಗೂ ದೊಡ್ಡ ಮುಧೋಳಕ್ಕೂ ಒಂದೇ ಅಳತೆ, ಲಸಿಕೆಗೆ ತೂಕದ ಲೆಕ್ಕ ಇಲ್ಲ. ಬಾಟಲಿಯ ಮೇಲಿನ ಕೊನೆಯ ದಿನಾಂಕ ನೋಡಿ. ಆಮೇಲೆ ಆ ಬಾಟಲಿಯ ಸ್ಟಿಕ್ಕರ್ ಕಿತ್ತು ಕಾರ್ಡ್‌ಗೆ ಅಂಟಿಸಿ, ಸಹಿ, ಮೊಹರು, ಮುಂದಿನ ದಿನಾಂಕ ಹಾಕಿಸಿಕೊಳ್ಳಿ. ಬರೀ ಪೆನ್ನಿನಲ್ಲಿ "ವ್ಯಾಕ್ಸಿನ್ ಆಗಿದೆ" ಅಂತ ಬರೆದ ಕಾರ್ಡ್‌ನಿಂದ ಯಾವ ಕಂಪನಿಯದು, ಯಾವ ಬ್ಯಾಚ್ ಅಂತ ಏನೂ ತಿಳಿಯುವುದಿಲ್ಲ.

ನಾಯಿ ಹಿಡಿಯುವುದು ಹೀಗೆ: ಒಂದು ಕೈ ಕುತ್ತಿಗೆ ಕೆಳಗಿನಿಂದ ಹಾಕಿ ತಲೆಯನ್ನು ನಿಮ್ಮ ಭುಜಕ್ಕೆ ಒತ್ತಿಕೊಳ್ಳಿ, ಇನ್ನೊಂದು ಕೈ ಹೊಟ್ಟೆ ಕೆಳಗೆ ಹಾಕಿ ಮೈಗೆ ಆನಿಸಿಕೊಳ್ಳಿ. ನಿಧಾನ ಧ್ವನಿಯಲ್ಲಿ ಮಾತಾಡಿಸುತ್ತಿರಿ. ನಾಲ್ಕು ಜನ ಸೇರಿ ಕಾಲು ಹಿಡಿದು ಒತ್ತಿದರೆ ನಾಯಿ ಹೆದರಿ ಕಚ್ಚುತ್ತದೆ, ಮುಂದಿನ ಸಲ ದವಾಖಾನೆಯ ಗೇಟ್ ದಾಟೋದಿಲ್ಲ. ಬೆನ್ನ ಮೇಲಿನ ಸಡಿಲ ಚರ್ಮ ಎತ್ತಿ ಹಾಕುವ ಸೂಜಿ ಇದು, ಒಂದು ಕ್ಷಣದ ಕೆಲಸ.

ಸೂಜಿ ಆದ ಮೇಲೆ ಅರ್ಧ ತಾಸು ಅಲ್ಲೇ ಕೂಡಿ. ಅಪರೂಪಕ್ಕೆ ಕೆಲವು ನಾಯಿಗಳಿಗೆ ಮುಖ, ತುಟಿ ಊದುತ್ತದೆ, ಮೈಮೇಲೆ ದದ್ದು ಏಳುತ್ತದೆ, ವಾಂತಿ ಆಗುತ್ತದೆ, ನಿಲ್ಲಲಾರದೆ ಕುಸಿಯುತ್ತದೆ. ಡಾಕ್ಟರ್ ಎದುರಿಗೇ ಆದರೆ ಕೂಡಲೇ ಔಷಧ ಕೊಟ್ಟು ಸರಿಮಾಡುತ್ತಾರೆ. ಮನೆಗೆ ಬಂದ ಮೇಲೆ ಆದರೂ ಕಾಯದೆ ತಿರುಗಿ ಓಡಿ.

ಒಂದೆರಡು ದಿನ ಮಂಕಾಗಿರುವುದು, ಸಣ್ಣ ಜ್ವರ, ಊಟ ಕಡಿಮೆ, ಸೂಜಿ ಚುಚ್ಚಿದಲ್ಲಿ ಸಣ್ಣ ಗಂಟು, ಇವೆಲ್ಲ ಸಾಮಾನ್ಯ. ಹೆದರಬೇಡಿ. ಆದರೆ ಮನೆಯಲ್ಲಿರುವ ಜ್ವರದ ಗುಳಿಗೆ ಮಾತ್ರ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಐಬುಪ್ರೊಫೆನ್ ನಾಯಿಗೂ ಅಪಾಯ. ಎರಡು-ಮೂರು ದಿನ ಸ್ನಾನ ಬೇಡ, ಓಡಾಟ ಕಡಿಮೆ ಇರಲಿ. ಗಂಟು ವಾರಗಳಾದರೂ ಕರಗದಿದ್ದರೆ, ದೊಡ್ಡದಾಗುತ್ತಿದ್ದರೆ ತೋರಿಸಿ. ಮತ್ತೆ ಸೂಜಿ ಹಾಕಿಸಿದ ಸಂಜೆಯೇ ರಕ್ಷಣೆ ಬಂತು ಅಂದುಕೊಳ್ಳಬೇಡಿ. ಕೊನೆಯ ಸೂಜಿ ಆಗಿ ಒಂದೆರಡು ವಾರ ಕಳೆಯುವವರೆಗೆ ಉಣಕಲ್ ಕೆರೆ ದಂಡೆ, ಯೂನಿವರ್ಸಿಟಿ ಆವರಣ, ಊರ ನಾಯಿಗಳು ಓಡಾಡುವ ಯಾವ ಜಾಗದಲ್ಲೂ ನೆಲಕ್ಕೆ ಬಿಡಬಾರದು. ಎತ್ತಿಕೊಂಡು ತಿರುಗಾಡಿಸಿ, ಗಾಡಿ ಸದ್ದು, ಜನ, ಮಕ್ಕಳು ಎಲ್ಲ ರೂಢಿಯಾಗಲಿ, ಅದೂ ಮರಿಗೆ ಅಷ್ಟೇ ಬೇಕು.

ಬೆಕ್ಕಿಗೂ ಬೇಕು

ಬೆಕ್ಕಿಗೆ ಸೂಜಿ ಹಾಕಿಸುವುದನ್ನು ನಮ್ಮ ಕಡೆ ಕೇಳುವುದೇ ಅಪರೂಪ. ಕಿರಾಣಿ ಅಂಗಡಿಯಲ್ಲಿ ಇಲಿ ಹಿಡಿಯಲು ಸಾಕಿದ ಬೆಕ್ಕು, ಮನೆ ಮಾಳಿಗೆ ಮೇಲೆ ಮರಿ ಹಾಕಿದ ಬೆಕ್ಕು, ಯಾವುದಕ್ಕೂ ಕಾರ್ಡ್ ಇರುವುದಿಲ್ಲ. ಬೆಕ್ಕಿನ ಲಸಿಕೆಯನ್ನು "ಟ್ರೈಕ್ಯಾಟ್" ಅಂತ ಕೇಳಿದರೆ ಗೊತ್ತಾಗುತ್ತದೆ. ಪ್ಯಾನ್‌ಲ್ಯುಕೋಪೀನಿಯಾ ಅನ್ನುವ ವಾಂತಿ-ಭೇದಿ ರೋಗ, ಜೊತೆಗೆ ಕಣ್ಣು-ಮೂಗು ಸುರಿಸುವ ಎರಡು ವೈರಸ್‌ಗಳ ವಿರುದ್ಧ ಕೆಲಸ ಮಾಡುತ್ತದೆ. ಸುಮಾರು 8, 12, 16 ವಾರಕ್ಕೆ, ರೇಬಿಸ್ 12 ವಾರ ದಾಟಿದ ಮೇಲೆ. ಬೆಕ್ಕಿನಿಂದಲೂ ಮನುಷ್ಯರಿಗೆ ರೇಬಿಸ್ ಬರುತ್ತದೆ, ಪರಚಿದ್ದನ್ನು ಹಗುರವಾಗಿ ತಗೋಬೇಡಿ. ಎಲ್ಲ ದವಾಖಾನೆಯಲ್ಲೂ ಬೆಕ್ಕಿನ ಲಸಿಕೆ ಸ್ಟಾಕ್ ಇರುವುದಿಲ್ಲ, ಮುಂಚೆ ಫೋನ್ ಮಾಡಿ ತರಿಸಿಡಲು ಹೇಳಿ. ಮುಚ್ಚಳ ಇರುವ ಬುಟ್ಟಿಯಲ್ಲಿ ಕೂಡಿಸಿ, ಮೇಲೆ ಬಟ್ಟೆ ಹೊದಿಸಿ ಒಯ್ಯಿರಿ. ಕತ್ತಲಿದ್ದರೆ ಬೆಕ್ಕು ಸುಮ್ಮನಿರುತ್ತದೆ.

ರೇಬಿಸ್: "ನಮ್ಮ ನಾಯಿ ಹೊರಗ ಹೋಗೂದಿಲ್ರಿ"

ಹೊರಗೆ ಹೋಗದ ನಾಯಿಗೂ ಹಾಕಿಸಬೇಕು. ಗೇಟ್ ಸಂದಿಯಲ್ಲಿ ಮೂಗು ತೂರಿಸಿದಾಗ ಓಣಿ ನಾಯಿ ಕಚ್ಚಿದರೆ ಸಾಕು. ರೇಬಿಸ್ ಲಕ್ಷಣ ಕಂಡ ಮೇಲೆ ನಾಯಿಗೂ ಮನುಷ್ಯರಿಗೂ ಚಿಕಿತ್ಸೆ ಇಲ್ಲ, ಸಾವು ಬಹುತೇಕ ಖಚಿತ. ಮನುಷ್ಯರಿಗೆ ಬರುವ ರೇಬಿಸ್‌ನಲ್ಲಿ ನೂರಕ್ಕೆ 99ರಷ್ಟು ನಾಯಿಯಿಂದಲೇ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಯಿಗೆ ವರ್ಷಕ್ಕೊಂದು ಸೂಜಿ ಹಾಕಿಸಿದರೆ ಮನೆಯ ಮಕ್ಕಳನ್ನೂ ಕಾದಂತೆ. 2030ರೊಳಗೆ ನಾಯಿಯಿಂದ ಬರುವ ರೇಬಿಸ್ ಇಲ್ಲದಂತೆ ಮಾಡಬೇಕು ಅಂತ ಕೇಂದ್ರ ಸರ್ಕಾರ 2021ರಲ್ಲಿ ಯೋಜನೆ ಹಾಕಿಕೊಂಡಿದೆ. ಅದು ಆಗಬೇಕಾದರೆ ಒಂದು ಊರಿನ ನೂರು ನಾಯಿಗಳಲ್ಲಿ 70ಕ್ಕಾದರೂ ಲಸಿಕೆ ಬೀಳಬೇಕು.

ಗದಗ, ಹಾವೇರಿ ಕಡೆ ಕುರಿಗಾರರ ಬಗ್ಗೆ ನನಗೆ ಕಾಳಜಿ ಜಾಸ್ತಿ. ಕುರಿಗಳಿಗೆ ಪಿಪಿಆರ್, ಕರುಳುಬೇನೆ ಲಸಿಕೆ ತಪ್ಪದೆ ಹಾಕಿಸುತ್ತಾರೆ, ಎತ್ತು-ಎಮ್ಮೆಗೆ ಕಾಲುಬಾಯಿ ಬೇನೆಯದು ಹಾಕಿಸುತ್ತಾರೆ. ಕುರಿ ಕಾಯುವ ನಾಯಿಗೆ ಮಾತ್ರ ಯಾರೂ ಹಾಕಿಸುವುದಿಲ್ಲ. ರಾತ್ರಿ ಹಟ್ಟಿ ಕಾಯುವಾಗ ನರಿ, ತೋಳ, ಬೇರೆ ಊರಿನ ನಾಯಿ ಜೊತೆ ಮೊದಲು ಕಾದಾಡುವುದು ಅದೇ. ಲಸಿಕೆ ಹಾಕುವವರು ಊರಿಗೆ ಬಂದಾಗ ನಾಯಿಯ ವಿಚಾರವನ್ನೂ ಎತ್ತಿ, ಮುಂದಿನ ಸಲ ರೇಬಿಸ್ ಲಸಿಕೆ ತರಲು ಹೇಳಿ. ಸತ್ತ ಕುರಿಯ ಹಸಿ ಕರುಳು, ಪುಪ್ಪುಸ ನಾಯಿಗೆ ಎಸೆಯಬೇಡಿ, ಅದರಿಂದ ನಾಯಿಗೆ ಸೇರುವ ಒಂದು ಜಾತಿಯ ಲಾಡಿಹುಳ ಮನುಷ್ಯರ ಯಕೃತ್ತಿನಲ್ಲಿ ನೀರಿನ ಗಡ್ಡೆ ಮಾಡುತ್ತದೆ. ದೊಡ್ಡ ತೊಂದರೆ ಇದ್ದರೆ ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಅಲ್ಲಿಗೆ ತೋರಿಸಬಹುದು.

ಓಣಿ ನಾಯಿಗೆ ದಿನಾ ಅನ್ನ ಹಾಕುವವರು ಅದಕ್ಕೂ ರೇಬಿಸ್ ಸೂಜಿ ಹಾಕಿಸಿ. ಕಿವಿ ತುದಿ ಕತ್ತರಿಸಿದ ಗುರುತು ಇದ್ದರೆ ಸಂತಾನಹರಣ ಆಗಿದೆ, ಆಗ ಒಮ್ಮೆ ರೇಬಿಸ್ ಲಸಿಕೆಯೂ ಬಿದ್ದಿರುತ್ತದೆ ಅಂತ ತಿಳಿಯಬಹುದು. ಆದರೆ ಎಷ್ಟು ವರ್ಷದ ಹಿಂದೆ ಅಂತ ಕಿವಿ ಹೇಳುವುದಿಲ್ಲ, ಹೀಗಾಗಿ ಪ್ರತಿ ವರ್ಷ ಹಾಕಿಸಿ.

ನಾಯಿ ಕಚ್ಚಿದರೆ, ಅದು ಸಾಕಿದ್ದಿರಲಿ, ಸೂಜಿ ಆಗಿದ್ದಿರಲಿ, ಮೊದಲು ನಲ್ಲಿ ಬಿಟ್ಟು ಸೋಪ್ ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ. ಖಾರಪುಡಿ, ಸುಣ್ಣ, ಅರಿಶಿಣ ಯಾವುದೂ ಹಚ್ಚಬೇಡಿ, ಗಾಯ ಇನ್ನಷ್ಟು ಕೆರಳುತ್ತದೆ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ತೋಳಿಗೆ ಹಾಕುವ ಸೂಜಿಗಳನ್ನು ಡಾಕ್ಟರ್ ಕೊಟ್ಟ ದಿನಾಂಕಗಳಿಗೆ ತಪ್ಪದೆ ಹಾಕಿಸಿಕೊಳ್ಳಿ, ರಕ್ತ ಬಂದಿದ್ದರೆ ಗಾಯದ ಸುತ್ತ ಹಾಕುವ, ಕೂಡಲೇ ರಕ್ಷಣೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಬಗ್ಗೆಯೂ ಕೇಳಿ. ಕಚ್ಚಿದ ನಾಯಿಯನ್ನು ಹೊಡೆದು ಕೊಲ್ಲಬೇಡಿ, 10 ದಿನ ಕಟ್ಟಿಹಾಕಿ ನೋಡಬೇಕು. ನಿಮ್ಮ ಚಿಕಿತ್ಸೆ ಮಾತ್ರ ಆ 10 ದಿನ ಕಾಯಬಾರದು. ನಿಮ್ಮ ನಾಯಿಗೇ ಬೇರೆ ನಾಯಿ ಕಚ್ಚಿದರೂ ಕೈಗವಸು ಹಾಕಿಕೊಂಡು ಹೀಗೇ ತೊಳೆದು ಡಾಕ್ಟರ್ ಹತ್ತಿರ ಒಯ್ಯಿರಿ. ಲಸಿಕೆ ಆಗಿದ್ದ ನಾಯಿಗೂ ಬೂಸ್ಟರ್ ಬೇಕು. ಆಗಿರದಿದ್ದರೆ ಸಾಮಾನ್ಯವಾಗಿ ಕಚ್ಚಿದ ದಿನ, ಆಮೇಲೆ 3, 7, 14, 28ನೇ ದಿನ ಅಂತ ಹಾಕುತ್ತಾರೆ.

ದಿನಾಂಕ ತಪ್ಪಿದ್ದರೆ, ಕಾರ್ಡ್ ಕಳೆದಿದ್ದರೆ

ಇನ್ನು ಹಾಕಿಸಿ ಉಪಯೋಗ ಇಲ್ಲ ಅಂತ ಬಿಡಬೇಡಿ. ಹತ್ತು ದಿನ ತಡವಾದರೂ, ಆರು ತಿಂಗಳು ತಡವಾದರೂ ಹೋಗಿ. 16 ವಾರ ದಾಟಿದ ನಾಯಿಗೆ ಹಿಂದಿನದು ಏನೂ ಗೊತ್ತಿಲ್ಲದಿದ್ದರೆ ಏನೂ ಆಗಿಲ್ಲ ಅಂತಲೇ ಹಿಡಿದು, 3-4 ವಾರದ ಅಂತರದಲ್ಲಿ ಎರಡು ಸಲ ಹಾಕುತ್ತಾರೆ, ಜೊತೆಗೆ ರೇಬಿಸ್. ಬೂಸ್ಟರ್ ತಪ್ಪಿ ತುಂಬಾ ದಿನ ಆಗಿದ್ದರೆ ಇಲಿಜ್ವರದ ಭಾಗವನ್ನು ಮತ್ತೆ ಮೊದಲಿನಿಂದ ಎರಡು ಸಲ ಹಾಕಬೇಕಾಗುತ್ತದೆ. ಮೊದಲೇ ಆಗಿದ್ದ ನಾಯಿಗೆ ಇನ್ನೊಂದು ಬಿದ್ದರೆ ತೊಂದರೆ ಏನಿಲ್ಲ. 10 ವರ್ಷದ ಮುದಿ ನಾಯಿಗೂ ರೇಬಿಸ್ ಬಿಡಬೇಡಿ, ಡಾಕ್ಟರ್ ಹೃದಯ, ಕಿಡ್ನಿ ನೋಡಿ ಉಳಿದದ್ದನ್ನು ತೀರ್ಮಾನಿಸುತ್ತಾರೆ.

ಕಾರ್ಡ್‌ನ ಪ್ರತಿ ಪುಟದ ಫೋಟೊ ತೆಗೆದು ಮನೆಯ ಇಬ್ಬರ ಮೊಬೈಲ್‌ನಲ್ಲಿ ಇಡಿ. ನಾಯಿಯನ್ನು ರೈಲಿನಲ್ಲಿ ಒಯ್ಯುವಾಗ, ನಾಯಿಗಳ ಹಾಸ್ಟೆಲ್‌ನಲ್ಲಿ ಬಿಡುವಾಗ, ಯಾರಿಗಾದರೂ ಕಚ್ಚಿದಾಗ ಮೊದಲು ಕೇಳುವುದು ಅದನ್ನೇ. ಮುಂದಿನ ದಿನಾಂಕವನ್ನು ಮೊಬೈಲ್ ಅಲಾರಂನಲ್ಲೂ ಹಾಕಿ, ಅಡುಗೆಮನೆಯ ಗೋಡೆಯ ಕ್ಯಾಲೆಂಡರ್‌ನಲ್ಲೂ ಕೆಂಪು ಪೆನ್ನಿನಲ್ಲಿ ಬರೆಯಿರಿ. ಅದಕ್ಕೆ ಒಂದು ವಾರ ಮುಂಚೆ ದವಾಖಾನೆಗೆ ಫೋನ್ ಮಾಡಿ, ಲಸಿಕೆ ಇದೆಯೇ ಅಂತ ಖಾತ್ರಿ ಮಾಡಿಕೊಂಡು ಹೊರಡಿ.